ಗೂಡು ಸಾಲುತ್ತಿಲ್ಲ, ಇನ್ನೂ 30 ಕಟ್ಟಿಸಬೇಕೇ? (ಸ್ಥಳೀಯ ಆಡಳಿತದ ಪ್ರಾಣಿ ಆಶ್ರಯಕೇಂದ್ರ)

ಪ್ರಶ್ನೆ: ದಾರಿದೀಪ_7

ಸ್ಥಳೀಯ ಆಡಳಿತ ನಡೆಸುವ ಪ್ರಾಣಿ ಆಶ್ರಯಕೇಂದ್ರವೊಂದಕ್ಕೆ ಮುಂದಿನ ವರ್ಷದ ಯೋಜನೆ ಬರೆದುಕೊಡಬೇಕಾಗಿದೆ. ಸ್ಥಿತಿ ಹೀಗಿದೆ. ನಾಯಿಗಳಿಗೆ 60 ಗೂಡು. ದಿನಕ್ಕೆ ಸರಾಸರಿ 5 ನಾಯಿ ಒಳಬರುತ್ತವೆ. ಯಾವತ್ತು ಎಣಿಸಿದರೂ ಒಳಗೆ 90ರ ಆಸುಪಾಸು, ಅಂದರೆ ಅರ್ಧದಷ್ಟು ಗೂಡುಗಳಲ್ಲಿ ಎರಡೆರಡು ನಾಯಿ. ಪಾರ್ವೋ (ವಾಂತಿಭೇದಿ ತರುವ ವೈರಸ್ ರೋಗ) ಒಮ್ಮೆ ಹೊಕ್ಕರೆ ಮರಿಗಳು ಸಾಲುಸಾಲಾಗಿ ಹೋಗುತ್ತವೆ. ಬೆಕ್ಕುಗಳ ಕೋಣೆಯಲ್ಲಿ ಸೀನು ನಿಲ್ಲುವುದೇ ಇಲ್ಲ. ದಿನಕ್ಕೆ ಎರಡು ಹೊತ್ತು ತೊಳೆಯುತ್ತಿದ್ದರೂ ಈ ಗತಿ.

30 ಹೊಸ ಗೂಡಿಗೆ ಎಂಜಿನಿಯರಿಂಗ್ ವಿಭಾಗದವರು ಅಂದಾಜುಪಟ್ಟಿ ಕೊಟ್ಟಿದ್ದಾರೆ. ಹಣ ಒಂದೇ ಸಲ ಸಿಗುವುದು. ಅದನ್ನು ಗೂಡಿಗೇ ಹಾಕುವುದೋ, ಬೇರೆ ಕಡೆ ಹಾಕಿದರೆ ಹೆಚ್ಚು ಉಪಯೋಗವೋ? ಕೆಲಸ ಗೊತ್ತಿರುವವರು ಅಂಕಿಯ ಸಮೇತ ಹೇಳಿದರೆ ಸಮಿತಿಯ ಮುಂದೆ ಇಡಬಹುದು.

ಉತ್ತರ: ಲೆಕ್ಕದ_ಪುಸ್ತಕ

ಕಟ್ಟಿಸುವ ಮುಂಚೆ ಒಂದು ಗುಣಾಕಾರ ಮಾಡಿ ನೋಡಿ. ದಿನಕ್ಕೆ ಒಳಬರುವ ಪ್ರಾಣಿಗಳ ಸಂಖ್ಯೆಯನ್ನು ಒಂದೊಂದು ಪ್ರಾಣಿ ಸರಾಸರಿ ಉಳಿಯುವ ದಿನಗಳಿಂದ ಗುಣಿಸಿದರೆ, ಯಾವುದೇ ದಿನ ಒಳಗೆ ಎಷ್ಟಿರುತ್ತವೆ ಅನ್ನುವುದು ಸಿಗುತ್ತದೆ. ನಿಮ್ಮಲ್ಲಿ 5 ಬರುತ್ತವೆ, 90 ಇವೆ. ಅಂದಮೇಲೆ ಒಂದು ನಾಯಿ ಸರಾಸರಿ 18 ದಿನ ಉಳಿಯುತ್ತಿದೆ. ಇದೇ 10 ದಿನಕ್ಕೆ ಇಳಿದರೆ ಒಳಗಿರುವುದು 50 ನಾಯಿ ಮಾತ್ರ. ಬರುವ ನಾಯಿಗಳೂ ಅಷ್ಟೇ, ಮನೆ ಸೇರುವ ನಾಯಿಗಳೂ ಅಷ್ಟೇ. ಆದರೆ ಒಂದು ಇಟ್ಟಿಗೆಯನ್ನೂ ಇಡದೆ 10 ಗೂಡು ಖಾಲಿ ಉಳಿಯುತ್ತವೆ. ಆ ಖಾಲಿ ಬೇಕೇ ಬೇಕು. ಗೂಡುಗಳು 80-85% ತುಂಬಿರುವ ಹೊತ್ತಿಗೇ ‘ತುಂಬಿದೆ’ ಅಂತ ತಿಳಿಯಬೇಕು. ಇಲ್ಲದಿದ್ದರೆ ಒಂದೇ ದಿನ ಹನ್ನೆರಡು ನಾಯಿ ಬಂದಾಗ, ರೋಗದ್ದನ್ನು ಬೇರೆ ಇಡಬೇಕಾದಾಗ, ಒದ್ದೆ ಗೂಡು ಒಣಗುವವರೆಗೆ ಕಾಯಬೇಕಾದಾಗ ಜಾಗ ಇರುವುದಿಲ್ಲ.

ದಿನ ಇಳಿಸದೆ 30 ಗೂಡು ಕಟ್ಟಿಸಿದರೆ 90 ಗೂಡು, 90 ನಾಯಿ. ಮತ್ತೆ ಒಂದೂ ಖಾಲಿ ಇಲ್ಲ. ಕೆಲಸದ ಆಳು ಮಾತ್ರ ಹೆಚ್ಚು ಬೇಕು. ಗೂಡು ಶುಚಿಮಾಡಿ ಊಟ ಹಾಕುವುದಕ್ಕೆ ಒಂದು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ (9 ನಿಮಿಷ ಶುಚಿ, 6 ನಿಮಿಷ ಊಟ) ಅನ್ನುವುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. 90 ನಾಯಿಗೆ 22.5 ಗಂಟೆ, 50ಕ್ಕೆ 12.5 ಗಂಟೆ. ಔಷಧಿ, ನಡೆದಾಡಿಸುವುದು, ಬಂದವರಿಗೆ ತೋರಿಸುವುದು ಇದರಲ್ಲಿ ಸೇರಿಲ್ಲ. ನಿಮ್ಮ ಸಿಬ್ಬಂದಿಯ ಒಟ್ಟು ಗಂಟೆಯನ್ನು ಇದರ ಪಕ್ಕ ಬರೆದು ನೋಡಿದರೆ ಎರಡು ಹೊತ್ತು ತೊಳೆದೂ ಯಾಕೆ ಶುಚಿಯಾಗುತ್ತಿಲ್ಲ ಅನ್ನುವುದು ಅಲ್ಲೇ ಕಾಣುತ್ತದೆ.

ಇನ್ನೊಂದು ವಿಷಯ, ಬಹಳ ಜನ ಇಲ್ಲೇ ಎಡವುತ್ತಾರೆ. 18 ಅನ್ನುವುದು ಸರಾಸರಿ. ಹತ್ತು ನಾಯಿಗಳಲ್ಲಿ ಎಂಟು 8 ದಿನಕ್ಕೆ ಹೊರಟು, ಎರಡು ಮಾತ್ರ 58 ದಿನ ಉಳಿದರೂ ಸರಾಸರಿ 18ಕ್ಕೇ ಬರುತ್ತದೆ: 64 ಮತ್ತು 116 ಕೂಡಿ 180, ಹತ್ತರಿಂದ ಭಾಗಿಸಿದರೆ 18. ನಿಮ್ಮ ಗೂಡುದಿನಗಳಲ್ಲಿ (ಒಂದು ನಾಯಿ ಗೂಡಿನಲ್ಲಿ ಕಳೆದ ಒಂದು ದಿನ ಒಂದು ಗೂಡುದಿನ) ಸುಮಾರು ಮೂರರಲ್ಲಿ ಎರಡು ಪಾಲನ್ನು ಆ ಎರಡೇ ನಾಯಿಗಳು ತೆಗೆದುಕೊಳ್ಳುತ್ತಿರುತ್ತವೆ. ಅವೆರಡನ್ನು 18 ದಿನಕ್ಕೆ ತಂದರೆ, ಉಳಿದ ಎಂಟನ್ನು ಮುಟ್ಟದೆಯೂ ಸರಾಸರಿ 10ಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ಕೆಲಸ, ಇವತ್ತು ಒಳಗಿರುವ ಪ್ರತಿಯೊಂದು ನಾಯಿಯ ಬಂದ ತಾರೀಖು ತೆಗೆದು ಹಳೆಯದರಿಂದ ಹೊಸದಕ್ಕೆ ಪಟ್ಟಿ ಮಾಡುವುದು.

ಆಮೇಲೆ ದಿನಾ ಬೆಳಿಗ್ಗೆ ಒಂದು ಸುತ್ತು. ವೈದ್ಯರು, ಗೂಡು ನೋಡಿಕೊಳ್ಳುವವರು, ದತ್ತು ವಿಭಾಗದವರು ಮೂವರೂ ಒಟ್ಟಿಗೆ ಪ್ರತಿ ಗೂಡಿನ ಮುಂದೆ ನಿಂತು ಕೇಳಬೇಕಾದದ್ದು: ಈ ಪ್ರಾಣಿ ಯಾವುದಕ್ಕೆ ಕಾಯುತ್ತಿದೆ, ಅದನ್ನು ಯಾರು ಮಾಡಬೇಕು, ಯಾವತ್ತು. ಗೂಡಿನ ಬಾಗಿಲ ಕಾರ್ಡಿನಲ್ಲಿ ‘ದತ್ತಿಗೆ ಸಿದ್ಧ’ ಅಂತ ಇರುತ್ತದೆ. ವಿಚಾರಿಸಿದರೆ ಹೊಟ್ಟೆಯ ಹೊಲಿಗೆ ವೈದ್ಯರು ನೋಡಬೇಕಿತ್ತು, ನೋಡಿಲ್ಲ. ಅಥವಾ ಫೋಟೋ ತೆಗೆದಿಲ್ಲ. ಅಥವಾ ಒಂದು ಸಹಿ ಬಾಕಿ. ನಾಯಿಗಳು ಮನೆಗಾಗಿ ಕಾಯುವುದಕ್ಕಿಂತ ನಮ್ಮ ಕೆಲಸಕ್ಕಾಗಿ ಕಾಯುವುದೇ ಹೆಚ್ಚು. 50 ಗೂಡಿಗೆ ಈ ಸುತ್ತು ಮುಕ್ಕಾಲು ಗಂಟೆಯೊಳಗೆ ಮುಗಿಯಬೇಕು. ಚರ್ಚೆ ಬೇಕಾದ ನಾಯಿಯ ಸಂಖ್ಯೆ ಬರೆದುಕೊಂಡು ಮುಂದೆ ಹೋಗಿ, ಆಮೇಲೆ ಕೂತು ಮಾತಾಡಿ.

ಸಂತಾನಹರಣ ಚಿಕಿತ್ಸೆ ವಾರಕ್ಕೊಂದೇ ದಿನ ಇದ್ದರೆ ಅದನ್ನು ಎರಡು ಅರ್ಧದಿನಗಳಾಗಿ ಒಡೆಯಿರಿ. ಮಾಡುವ ಶಸ್ತ್ರಚಿಕಿತ್ಸೆ ಅಷ್ಟೇ ಇದ್ದರೂ ಸರಾಸರಿ ಕಾಯುವಿಕೆ ಮೂರೂವರೆ ದಿನದಿಂದ ಅದರ ಅರ್ಧಕ್ಕೆ ಇಳಿಯುತ್ತದೆ. ಮಾಲೀಕರು ಬರಬಹುದು ಅಂತ ಕಾಯ್ದಿಡುವ ಅವಧಿಯನ್ನೂ ಸುಮ್ಮನೆ ಕಳೆಯಬೇಡಿ. ಲಸಿಕೆ, ಜಂತುಮದ್ದು, ತಪಾಸಣೆ, ಫೋಟೋ ಎಲ್ಲ ಮೊದಲ ದಿನವೇ ಆಗಿ, ಶಸ್ತ್ರಚಿಕಿತ್ಸೆಯ ದಿನವೂ ಗೊತ್ತಾಗಿದ್ದರೆ ಅವಧಿ ಮುಗಿದ ಮರುದಿನ ನಾಯಿ ಹೊರಡಬಹುದು.

ಮರುಪ್ರಶ್ನೆ: ದಾರಿದೀಪ_7

ಪಟ್ಟಿ ಮಾಡಿದೆವು. 18 ನಾಯಿಗಳು 40 ದಿನ ದಾಟಿವೆ. ಅದರಲ್ಲಿ ಏಳು ಕಚ್ಚಿದ ದೂರಿನ ಮೇಲೆ ಬಂದವು, ನಿಗಾ ಅವಧಿ ಮುಗಿದಿದ್ದರೂ ಬಿಡುಗಡೆಗೆ ಸಹಿಯಾಗಿಲ್ಲ. ಇದು ನಮಗೆ ಗೊತ್ತೇ ಇರಲಿಲ್ಲ.

ರೋಗದ ವಿಷಯ: ಬೆಳಿಗ್ಗೆ ಪೈಪಿನಿಂದ ಜೋರಾಗಿ ನೀರು ಹೊಡೆದು, ಫಿನೈಲ್ ಹಾಕಿ ಉಜ್ಜುತ್ತಾರೆ. ನಾಯಿ ಒಳಗೇ ಇರುತ್ತದೆ. ಲಸಿಕೆಯನ್ನು ವೈದ್ಯರು ವಾರಕ್ಕೆ ಎರಡು ಸಲ ಬಂದಾಗ ಹಾಕುತ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಸೂಜಿಮದ್ದು

ನೀವು ಬರೆದ ನಾಲ್ಕು ಸಾಲಿನಲ್ಲೇ ಮೂರು ಕಾರಣ ಇವೆ.

ಲಸಿಕೆ ಮೊದಲು. ವೈದ್ಯರು ಬರುವ ದಿನಕ್ಕೆ ಕಾಯುವುದೆಂದರೆ ನಾಯಿ ಮೂರು ದಿನ ವೈರಸ್ಸಿನ ನಡುವೆ ಬರಿಮೈಯಲ್ಲಿ ಇದ್ದಂತೆ. ಡಿಸ್ಟೆಂಪರ್, ಪಾರ್ವೋ, ಅಡಿನೋ ವೈರಸ್ಸುಗಳ ಜೀವಂತ ಲಸಿಕೆಯನ್ನು ಗೂಡಿಗೆ ಒಯ್ಯುವ ಮುಂಚೆ, ಒಳಬರುವ ಬಾಗಿಲಲ್ಲೇ ಹಾಕಬೇಕು. ತರಬೇತಾದ ಸಿಬ್ಬಂದಿ ವೈದ್ಯರ ಲಿಖಿತ ಸೂಚನೆಯ ಮೇಲೆ ಹಾಕಲು ನಿಮ್ಮ ನಿಯಮ ಒಪ್ಪುತ್ತದೆಯೇ ನೋಡಿ; ಒಪ್ಪಿದರೆ ನಾಳೆಯೇ ಶುರುಮಾಡಿ. ಸಣ್ಣ ಗಾಯ, ಬಸಿರು, ಹಾಲೂಡಿಸುವ ತಾಯಿ, ತುಸು ಶೀತ ಇವಾವುವೂ ಆಶ್ರಯಕೇಂದ್ರದಲ್ಲಿ ಲಸಿಕೆ ಮುಂದೂಡಲು ಕಾರಣವಲ್ಲ. ದೊಡ್ಡ ನಾಯಿಗೆ ಒಂದು, ಇನ್ನೂ ಒಳಗಿದ್ದರೆ ಎರಡು ವಾರಕ್ಕೆ ಇನ್ನೊಂದು. ಮರಿಗಳಿಗೆ 4 ವಾರದ ವಯಸ್ಸಿನಿಂದ ಶುರುಮಾಡಿ 20 ವಾರ ಆಗುವವರೆಗೆ ಎರಡು ವಾರಕ್ಕೊಮ್ಮೆ. ಇಷ್ಟು ಸಲ ಯಾಕೆಂದರೆ ತಾಯಿಹಾಲಿನಿಂದ ಬಂದ ಪ್ರತಿಕಾಯ ಲಸಿಕೆಯನ್ನೇ ಹೊಡೆದುಹಾಕುತ್ತದೆ. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಹೇಳಲಾಗದು. ಎರಡು ವಾರಕ್ಕೊಮ್ಮೆ ಹಾಕುತ್ತಾ ಹೋದರೆ ಇಳಿದ ಕೂಡಲೇ ಒಂದು ಡೋಸು ಹತ್ತುತ್ತದೆ.

ಲಸಿಕೆ ಹಾಕಿದರೂ ಹತ್ತದಿದ್ದರೆ ಫ್ರಿಜ್ ನೋಡಿ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು, ಬಾಗಿಲಿನ ಅರೆಯಲ್ಲಿ ಇಡಬಾರದು, ಹೆಪ್ಪುಗಟ್ಟಲೂಬಾರದು. ಗರಿಷ್ಠ ಕನಿಷ್ಠ ಎರಡೂ ತೋರಿಸುವ ಥರ್ಮಾಮೀಟರ್ ಒಳಗಿಟ್ಟು ದಿನಕ್ಕೆರಡು ಸಲ ಬರೆಯಿಸಿ. ಪುಡಿಗೆ ದ್ರವ ಬೆರೆಸಿದ ಮೇಲೆ ಒಂದು ಗಂಟೆಯೊಳಗೆ ಬಳಸಬೇಕು. ಬೆಳಿಗ್ಗೆಯೇ ಹತ್ತು ಸಿರಿಂಜು ತುಂಬಿಟ್ಟು ಸಂಜೆವರೆಗೆ ಹಾಕುವ ರೂಢಿ ಇದ್ದರೆ ಸಂಜೆ ಬಂದ ನಾಯಿಗೆ ಸಿಕ್ಕಿದ್ದು ನೀರು.

ಫಿನೈಲ್. ಪಾರ್ವೋ ವೈರಸ್ಸಿಗೆ ಕೊಬ್ಬಿನ ಹೊರಪದರ ಇಲ್ಲ. ಫಿನೈಲಾಗಲಿ, ಆಸ್ಪತ್ರೆ ನೆಲಕ್ಕೆ ಬಳಸುವ ಕ್ವಾಟರ್ನರಿ ಅಮೋನಿಯಂ ದ್ರಾವಣವಾಗಲಿ ಅದನ್ನು ನಂಬಬಹುದಾದಷ್ಟು ಕೊಲ್ಲುವುದಿಲ್ಲ. ಜೊತೆಗೆ ಫಿನಾಲಿನ ಅಂಶ ಬೆಕ್ಕಿನ ಯಕೃತ್ತಿಗೆ ವಿಷ, ಬೆಕ್ಕಿನ ಕೋಣೆಯ ಹತ್ತಿರ ಫಿನೈಲ್ ಬಾಟಲಿಯೇ ಸುಳಿಯಬಾರದು. ಪಾರ್ವೋಗೆ ಕೆಲಸ ಮಾಡುವುದು 5% ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚನ್ನು 32 ಪಟ್ಟು ನೀರಿನಲ್ಲಿ ಬೆರೆಸಿದ್ದು, ಅಂದರೆ ಒಂದು ಲೀಟರಿಗೆ ಸುಮಾರು 30 ಮಿಲಿಲೀಟರ್. ಇಲ್ಲವೇ ವೇಗವರ್ಧಿತ ಹೈಡ್ರೋಜನ್ ಪೆರಾಕ್ಸೈಡ್. ಇಲ್ಲವೇ ಪೊಟ್ಯಾಸಿಯಂ ಪೆರಾಕ್ಸಿಮೋನೋಸಲ್ಫೇಟ್ 1% ದ್ರಾವಣ.

ಬ್ಲೀಚಿಗೆ ಕೊಳೆ ತೆಗೆಯುವ ಗುಣ ಇಲ್ಲ, ಮಲದ ಮೇಲೆ ಬಿದ್ದರೆ ಅದೇ ಸತ್ತುಹೋಗುತ್ತದೆ. ಹಾಗಾಗಿ ಕ್ರಮ ಹೀಗೆ: ನಾಯಿಯನ್ನು ಹೊರಗೆ ತೆಗೆದು, ಮಲವನ್ನು ನೀರು ಹಾಕದೆ ಹಾಗೇ ಎತ್ತಿ, ಸೋಪುನೀರಿನಲ್ಲಿ ಉಜ್ಜಿ, ತೊಳೆದು, ನೀರು ಪೂರ್ತಿ ಎಳೆದುಹಾಕಿ, ಆಮೇಲೆ ದ್ರಾವಣ ಸುರಿದು 10 ನಿಮಿಷ ಒದ್ದೆಯಾಗೇ ಇರುವಂತೆ ನೋಡಿ, ಮತ್ತೆ ತೊಳೆದು ಒಣಗಿಸುವುದು. ನೀರು ಎಳೆಯದೆ ದ್ರಾವಣ ಹಾಕಿದರೆ ಅದು ಇನ್ನಷ್ಟು ತೆಳುವಾಗುತ್ತದೆ. ಬ್ಲೀಚ್ ದ್ರಾವಣ ಬೆಳಕಿಗೆ ಶಕ್ತಿ ಕಳೆದುಕೊಳ್ಳುತ್ತದೆ, ದಿನಾ ಹೊಸದು ಬೆರೆಸಿ. ಮೂತ್ರ ನಿಂತಿರುವ ಕಡೆ ನೇರ ಹಾಕಬೇಡಿ, ಅಮೋನಿಯಾ ಜೊತೆ ಸೇರಿ ಕ್ಲೋರಮೀನ್ ಹೊಗೆ ಏಳುತ್ತದೆ. ಆಮ್ಲದ ಕ್ಲೀನರ್ ಜೊತೆಯಂತೂ ಎಂದೂ ಬೇಡ. ಗಟ್ಟಿ ಮಾಡಿದರೆ ಒಳ್ಳೆಯದು ಅಂತ ಲೋಟಗಟ್ಟಲೆ ಸುರಿದರೆ ನಾಯಿಯ ಪಾದ, ಸಿಬ್ಬಂದಿಯ ಕಣ್ಣು ಎರಡೂ ಸುಡುತ್ತವೆ. ಅಳತೆ ಗೆರೆಯಿರುವ ಲೋಟವನ್ನು ದಾರ ಕಟ್ಟಿ ಡ್ರಮ್ಮಿಗೇ ತೂಗುಹಾಕಿ.

ಜೋರು ನೀರು. ನಾಯಿ ಒಳಗಿರುವಾಗ ಪೈಪು ಬಿಡುವುದನ್ನು ಇವತ್ತೇ ನಿಲ್ಲಿಸಿ. ಮಲ ಸೂಕ್ಷ್ಮ ಹನಿಯಾಗಿ ಪಕ್ಕದ ನಾಲ್ಕು ಗೂಡಿಗೆ ಹಾರುತ್ತದೆ, ನಾಯಿ ಒದ್ದೆಯಾಗಿ ನಡುಗುತ್ತದೆ, ನಾಳೆಯಿಂದ ಪೈಪು ಕಂಡರೇ ಮೂಲೆ ಸೇರುತ್ತದೆ. ಅಂಥ ನಾಯಿಯನ್ನು ದತ್ತಿಗೆ ಯಾರು ಒಯ್ಯುತ್ತಾರೆ? ನಿಮ್ಮ ‘ಉಳಿಯುವ ದಿನ’ ಹೀಗೂ ಬೆಳೆಯುತ್ತದೆ.

ಇನ್ನು ಕೆಲಸದ ಸರದಿ: ಆರೋಗ್ಯವಾಗಿರುವ ಮರಿಗಳು ಮೊದಲು, ಆಮೇಲೆ ದೊಡ್ಡ ನಾಯಿಗಳು, ಆಮೇಲೆ ಹೊಸದಾಗಿ ಬಂದು ನಿಗಾದಲ್ಲಿರುವವು, ರೋಗದ ಕೋಣೆ ಕೊನೆಗೆ. ರೋಗದ ಕೋಣೆಯ ಬಕೆಟ್ಟು, ಪೊರಕೆ, ಬೂಟು ಅಲ್ಲೇ ಇರಬೇಕು, ಬಣ್ಣ ಬೇರೆ ಮಾಡಿದರೆ ತಪ್ಪುವುದಿಲ್ಲ. ಪಾರ್ವೋ ತಗಲಿ ಲಕ್ಷಣ ಕಾಣಲು 14 ದಿನದವರೆಗೂ ಹಿಡಿಯಬಹುದು, ವಾಂತಿ ಶುರುವಾಗುವ ಮುಂಚೆಯೇ ಮಲದಲ್ಲಿ ವೈರಸ್ ಬರುತ್ತದೆ. ಹಾಗಾಗಿ ಬೇರೆ ಬೇರೆ ತಾಯಿಯ ಮರಿಗಳನ್ನು ಒಂದೇ ಗೂಡಿಗೆ ಹಾಕುವುದು ನಿಮ್ಮಲ್ಲಿ ನಡೆಯುತ್ತಿದ್ದರೆ, ಸಾಲುಸಾಲಾಗಿ ಸಾಯುವುದಕ್ಕೆ ಅದೇ ದೊಡ್ಡ ಕಾರಣ.

ಬೆಕ್ಕಿನ ಸೀನಿಗೆ ದಾರಿ ಬೇರೆ. ಬಹುಪಾಲು ಬೆಕ್ಕುಗಳ ಮೈಯಲ್ಲಿ ಹರ್ಪಿಸ್ ವೈರಸ್ ಮಲಗಿಯೇ ಇರುತ್ತದೆ, ದಿಗಿಲಾದರೆ ಏಳುತ್ತದೆ. ದಿನಾ ಬೆಕ್ಕನ್ನು ಎತ್ತಿ ಹೊರಗಿಟ್ಟು ಗೂಡನ್ನೆಲ್ಲ ತೊಳೆದರೆ ಅದರ ವಾಸನೆಯೆಲ್ಲ ಹೋಗಿ ಅದು ಪುನಃ ಅಪರಿಚಿತ ಜಾಗಕ್ಕೆ ಬಂದಂತೆ. ಅದೇ ಬೆಕ್ಕು ಅದೇ ಗೂಡಿನಲ್ಲಿ ಇರುವಷ್ಟು ದಿನ ಕೊಳೆಯಾದ ಕಡೆ ಮಾತ್ರ ಒರೆಸಿ, ಮಲದ ತಟ್ಟೆ ಬದಲಿಸಿ, ಹೊದಿಕೆ ಕೊಳಕಾಗಿಲ್ಲದಿದ್ದರೆ ಅದನ್ನೇ ಬಿಡಿ. ಪೂರ್ತಿ ಸೋಂಕುನಿವಾರಣೆ ಬೆಕ್ಕು ಬದಲಾದಾಗ. ಒಳಗೊಂದು ರಟ್ಟಿನ ಡಬ್ಬ ಮಗುಚಿ ಬಾಗಿಲು ಕತ್ತರಿಸಿ ಇಡಿ, ಅಡಗಲು ಜಾಗ ಸಿಕ್ಕ ಬೆಕ್ಕು ಬೇಗ ಊಟ ಮುಟ್ಟುತ್ತದೆ. ಅಕ್ಕಪಕ್ಕದ ಎರಡು ಸಣ್ಣ ಗೂಡಿನ ನಡುಗೋಡೆಗೆ ಬೆಕ್ಕು ನುಸುಳುವಷ್ಟು ದುಂಡನೆಯ ಕಂಡಿ ಕೊರೆಸಿದರೆ ಒಂದು ಕಡೆ ಮಲದ ತಟ್ಟೆ, ಇನ್ನೊಂದು ಕಡೆ ಊಟ. ಸೀನು ಇಳಿಸುವುದಕ್ಕೆ ಔಷಧಿಗಿಂತ ಈ ಕಂಡಿ ಹೆಚ್ಚು ಮಾಡುತ್ತದೆ.

ಉತ್ತರ: ಬೀದಿಬದಿ_ಬಲೆ

ಮೇಲಿನವರು ಒಳಗೆ ಬಂದ ಮೇಲಿನದನ್ನು ಹೇಳಿದರು. ಬರುವ 5ರಲ್ಲಿ ಎಷ್ಟು ಬರಲೇಬೇಕಿತ್ತು ಅನ್ನುವುದನ್ನೂ ನೋಡಿ. ನಾಲ್ಕಾದರೆ, ಉಳಿಯುವುದು 10 ದಿನವೇ ಇದ್ದರೂ ಒಳಗೆ 40.

ತಪ್ಪಿಸಿಕೊಂಡ ಸಾಕುನಾಯಿ ಬಹುಪಾಲು ಮನೆಯ ಆಸುಪಾಸಿನಲ್ಲೇ ಸಿಗುತ್ತದೆ. ವ್ಯಾನಿಗೆ ಹತ್ತಿಸುವ ಮುಂಚೆ ಅಲ್ಲೇ ಚಿಪ್ (ಗುರುತಿನ ಸಂಖ್ಯೆಗಾಗಿ ಚರ್ಮದಡಿ ಹಾಕಿದ್ದು) ಓದಿ. ಪ್ರತಿ ವ್ಯಾನಿನಲ್ಲೂ ರೀಡರ್ ಇರಬೇಕು, ಕಚೇರಿಯಲ್ಲಿ ಒಂದು ಇದ್ದರೆ ಸಾಲದು. ಐಎಸ್ಒ ಮಾನಕದ ಚಿಪ್ 134.2 ಕಿಲೋಹರ್ಟ್ಸ್, 15 ಅಂಕಿ. ಹಳೆಯ 125 ಕಿಲೋಹರ್ಟ್ಸ್ ಚಿಪ್ ಇನ್ನೂ ಸಿಗುತ್ತವೆ, ಎರಡನ್ನೂ ಓದುವ ರೀಡರನ್ನೇ ಕೊಳ್ಳಿ. ‘ಚಿಪ್ ಇಲ್ಲ’ ಅಂತ ಬರೆದ ನಾಯಿಗಳಲ್ಲಿ ಸರಿಯಾಗಿ ಓದದೆ ಬಿಟ್ಟವೂ ಇರುತ್ತವೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ ಅದು. ಭುಜದ ಎಲುಬುಗಳ ನಡುವೆ ಹಾಕಿದ್ದು ಕಾಲಕ್ರಮದಲ್ಲಿ ಜಾರಿ ಮೊಣಕೈಯವರೆಗೂ ಬಂದಿರಬಹುದು. ರೀಡರನ್ನು ಮೈಗೆ ತಾಗಿಸಿ, ನಿಧಾನವಾಗಿ, ಹಾವು ಹರಿದಂತೆ ಅತ್ತಿತ್ತ ಸರಿಸುತ್ತಾ ಕತ್ತಿನಿಂದ ಬಾಲದ ಬುಡದವರೆಗೆ, ಆಮೇಲೆ ಎರಡೂ ಭುಜ, ಎದೆ. ಸಿಗದಿದ್ದರೆ ರೀಡರನ್ನು ಅಡ್ಡ ತಿರುಗಿಸಿ ಇನ್ನೊಂದು ಸುತ್ತು. ಲೋಹದ ಮೇಜು, ಲೋಹದ ಸರಪಳಿ, ಬ್ಯಾಟರಿ ಇಳಿದಿರುವುದು ಇವು ಓದನ್ನು ಕೆಡಿಸುತ್ತವೆ. ವ್ಯಾನ್ ಹತ್ತಿರ ಒಮ್ಮೆ, ಒಳಬರುವಾಗ ಒಮ್ಮೆ, ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ, ಮೂರು ಸಲ ಓದುವುದು ನಿಯಮವಾಗಬೇಕು. ಜನರಿಗೂ ತಿಳಿಸಬೇಕಾದ್ದು: ಚಿಪ್‌ನಲ್ಲಿ ಬ್ಯಾಟರಿ ಇಲ್ಲ, ಅದು ಜಾಗ ತೋರಿಸುವುದಿಲ್ಲ, ಸಂಖ್ಯೆ ಮಾತ್ರ ಹೇಳುತ್ತದೆ. ನೋಂದಣಿಯಲ್ಲಿ ಹಳೆಯ ಫೋನ್ ನಂಬರ್ ಇದ್ದರೆ ಚಿಪ್ ಇದ್ದೂ ಇಲ್ಲದಂತೆ. ಕೊರಳಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಫೋನ್ ನಂಬರೇ ಎಲ್ಲಕ್ಕಿಂತ ಬೇಗ ನಾಯಿಯನ್ನು ಮನೆ ಸೇರಿಸುತ್ತದೆ.

ಮನೆ ಗೊತ್ತಾದರೆ ಆಶ್ರಯಕೇಂದ್ರಕ್ಕೆ ತರದೆ ನೇರ ಮನೆಗೇ ಬಿಡಿ. ಬಿಡಿಸಿಕೊಳ್ಳಲು ಬಂದವರ ಮೇಲೆ ದಿನದ ಬಾಡಿಗೆ, ದಂಡ ಎಲ್ಲ ಏರಿಸಿದರೆ ಬಡವರು ನಾಯಿಯನ್ನು ಬಿಟ್ಟೇ ಹೋಗುತ್ತಾರೆ. ಆಮೇಲೆ ಅದರ 18 ದಿನದ ಖರ್ಚು ನಿಮ್ಮದು. ಮೊದಲ ಸಲ ದಂಡ ಮನ್ನಾ, ಬದಲಿಗೆ ಚಿಪ್ ಹಾಕಿ ಕಳಿಸುವುದು, ಹೀಗೆ ಮಾಡಿ.

‘ಸಾಕಲಾಗುತ್ತಿಲ್ಲ’ ಅಂತ ತಂದುಬಿಡುವವರಿಗೆ ಕೌಂಟರಿನಲ್ಲಿ ಮೊದಲು ಕೇಳಬೇಕಾದ್ದು, ‘ಏನು ಸಿಕ್ಕರೆ ನೀವೇ ಇಟ್ಟುಕೊಳ್ಳುತ್ತೀರಿ?’ ಅಂತ. ಮನೆ ಬದಲಿಸುವವರೆಗೆ ಎರಡು ವಾರ ಯಾರಾದರೂ ನೋಡಿಕೊಂಡರೆ ಸಾಕು, ಚರ್ಮರೋಗದ ಔಷಧಿ ಸಿಕ್ಕರೆ ಸಾಕು, ಹೊತ್ತಲ್ಲದ ಹೊತ್ತಿನಲ್ಲಿ ಬೊಗಳುವುದಕ್ಕೆ ಏನು ಮಾಡಬೇಕು ಅಂತ ಯಾರಾದರೂ ಹೇಳಿದರೆ ಸಾಕು, ಇಂಥ ಉತ್ತರ ಬರುತ್ತವೆ. ಅದನ್ನು ಒದಗಿಸುವ ಖರ್ಚು ಗೂಡಿನ ಖರ್ಚಿಗಿಂತ ಕಡಿಮೆ. ಗದರಬೇಡಿ. ಗದರಿಸಿಕೊಂಡವರು ಮುಂದಿನ ಸಲ ರಾತ್ರಿ ಗೇಟಿಗೆ ಕಟ್ಟಿ ಹೋಗುತ್ತಾರೆ, ನಾಯಿಯ ಬಗ್ಗೆ ಒಂದು ಮಾತೂ ನಿಮಗೆ ಸಿಗುವುದಿಲ್ಲ.

ಬೆಕ್ಕಿನ ಮರಿ ಸಿಕ್ಕಿದೆ ಅಂತ ಕರೆ ಬಂದರೆ, ಮರಿಗಳು ದುಂಡಗೆ, ಶುಚಿಯಾಗಿ, ಸುಮ್ಮನೆ ಮಲಗಿದ್ದರೆ ತಾಯಿ ಇದೆ ಅಂತಲೇ ಲೆಕ್ಕ. ಅಪಾಯದ ಜಾಗವಲ್ಲದಿದ್ದರೆ ಮುಟ್ಟದೆ ದೂರದಿಂದ ಕೆಲವು ಗಂಟೆ ಗಮನಿಸಲು ಹೇಳಿ. ಹಾಲುಣ್ಣುವ ಮರಿ ಆಶ್ರಯಕೇಂದ್ರದಲ್ಲಿ ಬದುಕುವುದು ಕಷ್ಟ; ಎರಡು ಮೂರು ಗಂಟೆಗೊಮ್ಮೆ ಹಾಲು, ಮೈಬಿಸಿ, ಮಲಮೂತ್ರ ಮಾಡಿಸುವುದು, ರಾತ್ರಿ ಆಳಿಲ್ಲದ ಕಡೆ ಇದು ಆಗುವುದೇ ಇಲ್ಲ.

ಉತ್ತರ: ಕಿವಿಗುರುತು

@ಬೀದಿಬದಿ_ಬಲೆ ಹೇಳಿದ್ದು ಸಾಕುನಾಯಿಗೆ ಸರಿ. ಮಾಲೀಕರಿಲ್ಲದ ಬೀದಿನಾಯಿಗಳಿರುವ ಕಡೆ ‘ಒಳಗೆ ಬರುವುದನ್ನು ಕಡಿಮೆ ಮಾಡಿ’ ಅಂದುಬಿಟ್ಟರೆ ಕಚ್ಚುವ ದೂರು ನಿಲ್ಲುವುದಿಲ್ಲ. ಅಲ್ಲಿ ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವ ಕೆಲಸ ಬೇರೆಯಾಗಿ, ಬೇರೆ ಗೂಡುಗಳಲ್ಲಿ ನಡೆಯಬೇಕು. ದತ್ತಿನ ಗೂಡುಗಳ ಜೊತೆ ಬೆರೆಸಿದರೆ ಎರಡೂ ಕೆಡುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ರೇಬೀಸ್‌ನಿಂದ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆ. ಮನುಷ್ಯರಿಗೆ ತಗಲುವುದರಲ್ಲಿ 99% ನಾಯಿಗಳಿಂದ. ಸತ್ತವರಲ್ಲಿ ಸುಮಾರು 40% ಮಕ್ಕಳು, 15 ವರ್ಷದೊಳಗಿನವರು. ತಡೆಯುವ ದಾರಿ ಗೊತ್ತಿರುವ ಸಾವುಗಳಿವು. ಒಂದು ಪ್ರದೇಶದ ನಾಯಿಗಳಲ್ಲಿ 70%ಕ್ಕೆ ಲಸಿಕೆ ಬಿದ್ದರೆ ಸೋಂಕಿನ ಸರಪಳಿ ಮುರಿಯುತ್ತದೆ. ವರ್ಷದೊಳಗೆ ಹಳೆಯವು ಸತ್ತು ಹೊಸ ಮರಿಗಳು ಹುಟ್ಟಿ ಆ ಪ್ರಮಾಣ ತಾನಾಗಿ ಇಳಿಯುತ್ತದೆ. 70ರಿಂದ ಶುರುಮಾಡಿದ್ದರೆ ಮಾತ್ರ ಮುಂದಿನ ಸುತ್ತಿನವರೆಗೆ ತಡೆ ಉಳಿಯುತ್ತದೆ. ಕೊಲ್ಲುವುದು ಯಾಕೆ ಫಲಿಸುವುದಿಲ್ಲ ಅನ್ನುವುದೂ ಇದರಲ್ಲೇ ಇದೆ. ಕೊಂದವುಗಳಲ್ಲಿ ಲಸಿಕೆ ಹಾಕಿದವೂ ಸೇರಿರುತ್ತವೆ, ಖಾಲಿಯಾದ ಜಾಗದಲ್ಲಿ ಲಸಿಕೆಯಿಲ್ಲದ ಎಳೆಯ ನಾಯಿಗಳು ತುಂಬಿಕೊಳ್ಳುತ್ತವೆ, ಪ್ರಮಾಣ ಇನ್ನಷ್ಟು ಬೀಳುತ್ತದೆ.

ದೂರು ಬಂದ ಕಡೆ ಎರಡು, ಇನ್ನೊಂದು ಕಡೆ ಮೂರು ಅಂತ ಹಿಡಿಯಬೇಡಿ. ಊರನ್ನು ತುಂಡುಗಳಾಗಿ ಹಂಚಿ, ಒಂದು ತುಂಡನ್ನು ಬೇಗ ಮುಗಿಸಿ ಮುಂದಿನದಕ್ಕೆ ಹೋಗಿ. ಮುಗಿಯಿತೇ ಅಂತ ತಿಳಿಯಲು ಬೆಳಕು ಹರಿಯುವ ಹೊತ್ತಿಗೆ ಗೊತ್ತಾದ ದಾರಿಯಲ್ಲಿ ನಡೆದು ಎಣಿಸಿ: ಕಿವಿಯಲ್ಲಿ ಗುರುತಿದ್ದವು (ಅಂದರೆ ಸಂತಾನಹರಣ ಆದವು), ಇಲ್ಲದವು, ಮೊಲೆ ಇಳಿಬಿದ್ದ ಹೆಣ್ಣುಗಳು. ಮೂರನೆಯ ಅಂಕಿಯೇ ಸತ್ಯ ಹೇಳುವುದು. ಸಂತಾನಹರಣದ ವರದಿ ಏರುತ್ತಿದ್ದು, ಮರಿಯೂಡಿಸುವ ಹೆಣ್ಣುಗಳ ಪಾಲು ಇಳಿಯದಿದ್ದರೆ ಹಿಡಿಯಲು ಸುಲಭವಾದ ಗಂಡುಗಳನ್ನೇ ಹಿಡಿಯುತ್ತಿದ್ದಾರೆ ಎಂದರ್ಥ.

ಹಿಡಿದಾಗಲೇ ಫೋಟೋ, ಜಾಗ, ಸಮಯ ಫೋನಿನಲ್ಲಿ ದಾಖಲಾಗಿ ಕೊರಳಿಗೆ ನಂಬರ್ ಬಿಲ್ಲೆ ಬೀಳಬೇಕು. ಬೇರೆ ಬೀದಿಯಲ್ಲಿ ಬಿಟ್ಟ ನಾಯಿ ಅಲ್ಲಿನ ನಾಯಿಗಳ ಜೊತೆ ಕಾದಾಡುತ್ತದೆ, ದಿಕ್ಕೆಟ್ಟು ರಸ್ತೆಗಿಳಿಯುತ್ತದೆ, ಕಚ್ಚುವುದೂ ಆಗಲೇ. ಹೆಣ್ಣುನಾಯಿಯ ಮೊಲೆ ಒತ್ತಿ ನೋಡಿ, ಹಾಲಿದ್ದರೆ ಮರಿಗಳು ಎಲ್ಲೋ ಹಸಿದು ಕಾಯುತ್ತಿವೆ. ಮರಿಗಳನ್ನೂ ಹುಡುಕಿ ತನ್ನಿ, ಇಲ್ಲವೇ ಅವಳನ್ನು ಅಲ್ಲೇ ಬಿಟ್ಟು ಮರಿ ಬಿಡಿಸುವ ಕಾಲಕ್ಕೆ ಬನ್ನಿ. ಕಂಬದ ಕುಣಿಕೆಯನ್ನು ಕೊರಳಿಗೆ ಬಿಗಿದು ಎತ್ತುವುದು ಬೇಡವೇ ಬೇಡ. ಬಲೆ, ಇಲ್ಲವೇ ಕೈಯಲ್ಲಿ ಪಳಗಿಸಿ ಎತ್ತುವುದು.

ಕಚ್ಚಿದ ನಾಯಿಗಳ ವಿಷಯ, ನಿಮ್ಮ ಏಳು ಗೂಡು. ನಿಗಾ 10 ದಿನ. ಅಷ್ಟೇ ಯಾಕೆಂದರೆ ನಾಯಿಯ ಜೊಲ್ಲಿನಲ್ಲಿ ರೇಬೀಸ್ ವೈರಸ್ ಬರುವುದು ಲಕ್ಷಣ ಕಾಣುವ ಕೆಲವೇ ದಿನ ಮುಂಚೆ. ಕಚ್ಚಿದ ದಿನ ಜೊಲ್ಲಿನಲ್ಲಿ ಇದ್ದಿದ್ದರೆ 10 ದಿನದೊಳಗೆ ನಾಯಿ ಕಾಯಿಲೆ ಬೀಳುತ್ತದೆ ಅಥವಾ ಸಾಯುತ್ತದೆ. ಹತ್ತನೆಯ ದಿನ ಆರೋಗ್ಯವಾಗಿದ್ದರೆ ಹನ್ನೊಂದನೆಯ ದಿನ ಬಿಡುಗಡೆ, ಅದಕ್ಕೆ ಬೇರೆ ಸಹಿ ಬೇಕಾಗದಂತೆ ಒಳಸೇರಿಸುವ ಹಾಳೆಯಲ್ಲೇ ಬಿಡುಗಡೆ ತಾರೀಖು ಬರೆದಿರಲಿ. ಆದರೆ ಕಚ್ಚಿಸಿಕೊಂಡವರ ಚಿಕಿತ್ಸೆ ಈ ಹತ್ತು ದಿನಕ್ಕೆ ಕಾಯಬಾರದು. ದೂರಿನ ಫೋನ್ ಎತ್ತುವವರು ಹೆಸರು ವಿಳಾಸ ಕೇಳುವುದಕ್ಕಿಂತ ಮೊದಲು ಹೇಳಬೇಕಾದದ್ದು: ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಇವತ್ತೇ ಆಸ್ಪತ್ರೆಗೆ ಹೋಗಿ. ಈ ವಾಕ್ಯವನ್ನು ಫೋನಿನ ಪಕ್ಕದ ಗೋಡೆಗೆ ಅಂಟಿಸಿ.

ಉತ್ತರ: ಲೆಕ್ಕದ_ಪುಸ್ತಕ

ಏಳು ನಾಯಿಗಳ ಸಹಿ ಮೊದಲು ಮಾಡಿಸಿ, ಅದಕ್ಕೆ ಹಣ ಬೇಡ. ಬಿಡುಗಡೆ ಅಂದರೆ ಮನೆಗೆ ಬಿಡುವುದೋ, ಬೇರೆ ದಾರಿಯೋ ಅನ್ನುವುದನ್ನು ಅವುಗಳ ವರ್ತನೆ ನೋಡಿ ವೈದ್ಯರು ತೀರ್ಮಾನಿಸಲಿ. ಆದರೆ ತೀರ್ಮಾನವಿಲ್ಲದೆ ತಿಂಗಳುಗಟ್ಟಲೆ ಕೂಡಿಹಾಕುವುದು ಹಿಂಸೆಯೇ.

ಹೊರಗಿನ ಸಂಸ್ಥೆಗೆ ಗುತ್ತಿಗೆ ಕೊಡುವುದಾದರೆ ‘ಒಂದು ಶಸ್ತ್ರಚಿಕಿತ್ಸೆಗೆ ಇಷ್ಟು’ ಅಂತ ಮಾತ್ರ ಬರೆಯಬೇಡಿ. ಹಾಗೆ ಬರೆದರೆ ಸಂಖ್ಯೆ ಸಿಗುತ್ತದೆ, ಗಾಯ ಮಾಯಿತೇ ಅಂತ ಯಾರೂ ನೋಡುವುದಿಲ್ಲ. ಹಣದ ಒಂದು ಪಾಲು ಗಾಯ ತಪಾಸಣೆಯ ದಾಖಲೆ ಮತ್ತು ಹಿಡಿದ ಜಾಗದಲ್ಲೇ ಬಿಟ್ಟ ಫೋಟೋ ಬಂದ ಮೇಲೆ.

ತಿಂಗಳ ವರದಿಯಲ್ಲಿ ‘ಜೀವಂತ ಹೊರಹೋದ ಪ್ರಮಾಣ’ ಒಂದನ್ನೇ ಹಾಕಿದರೆ ಮೋಸಹೋಗುತ್ತೀರಿ. ಬರುವ ಪ್ರಾಣಿಗಳನ್ನು ಬಾಗಿಲಲ್ಲೇ ತಿರುಗಿಸಿದರೂ ಅದು ಏರುತ್ತದೆ, ಗೂಡಿನಲ್ಲಿ ವರ್ಷಗಟ್ಟಲೆ ಇಟ್ಟರೂ ಏರುತ್ತದೆ. ಅದರ ಪಕ್ಕದಲ್ಲಿ ಉಳಿದ ದಿನಗಳ ಮಧ್ಯಾಂಕ (ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ), ಅತಿ ಹೆಚ್ಚು ದಿನ ಉಳಿದ ಹತ್ತು ಪ್ರಾಣಿಗಳ ಪಟ್ಟಿ, ಒಳಗೆ ತಾವಾಗಿ ಸತ್ತವುಗಳ ಸಂಖ್ಯೆ ಇರಲೇಬೇಕು. ತಿಂಗಳ ಆರಂಭದ ಸಂಖ್ಯೆಗೆ ಬಂದವನ್ನು ಕೂಡಿ, ಹೋದವು ಸತ್ತವು ಕಳೆದರೆ ತಿಂಗಳ ಕೊನೆಯ ಎಣಿಕೆ ಬರಬೇಕು. ಬಾರದಿದ್ದರೆ ಬೇರೆ ಯಾವ ಅಂಕಿಯನ್ನೂ ನಂಬಬೇಡಿ.

ಈಗ ಕಟ್ಟಡದ ಹಣ. 30 ಒಂಟಿ ಗೂಡಿನ ಬದಲು 10 ಜೋಡಿಗೂಡು ಕಟ್ಟಿಸಿ, ಉಳಿದುದರಲ್ಲಿ ವ್ಯಾನುಗಳಿಗೆ ರೀಡರ್, ವಾರದ ಎರಡನೆಯ ಅರ್ಧದಿನದ ಶಸ್ತ್ರಚಿಕಿತ್ಸೆ, ಲಸಿಕೆಗೆ ಬೇರೆ ಫ್ರಿಜ್. ಜೋಡಿಗೂಡು ಅಂದರೆ ನಡುವೆ ಮೇಲೆತ್ತುವ ಬಾಗಿಲಿರುವ ಎರಡು ಕೋಣೆ, ಬಾಗಿಲಿನ ಹಗ್ಗ ಹೊರಗಿನ ಓಣಿಯಲ್ಲಿರಬೇಕು. ನಾಯಿಯನ್ನು ಅತ್ತ ಕಳಿಸಿ ಇತ್ತ ತೊಳೆಯಬಹುದು. ಯಾರೂ ನಾಯಿಯನ್ನು ಮುಟ್ಟಬೇಕಿಲ್ಲ, ನಾಯಿ ನೆನೆಯುವುದಿಲ್ಲ. ಇವು ಹೊಸದಾಗಿ ಬಂದ ಮರಿಗಳಿಗೆ ಮತ್ತು 10 ದಿನದ ನಿಗಾ ನಾಯಿಗಳಿಗೆ, ಬೇರೆ ಚರಂಡಿ, ಬೇರೆ ಬಾಗಿಲು. ಒಂದು ಗೂಡಿನ ನೀರು ಪಕ್ಕದ ಗೂಡಿನೊಳಗೆ ಹಾದು ಹರಿಯುವಂತೆ ಇಳಿಜಾರು ಕೊಟ್ಟಿದ್ದರೆ ನಕ್ಷೆಯನ್ನು ವಾಪಸು ಕಳಿಸಿ. ಪ್ರತಿ ಗೂಡಿನ ಹಿಂದೆ ಅದರದ್ದೇ ಮೋರಿಬಾಯಿ ಬೇಕು. ಮುಂಭಾಗದ ಜಾಲರಿಯ ಕೆಳಗಿನ ಅರ್ಧಕ್ಕೆ ಹಾಳೆ ಹೊಡೆಸಿ, ಎದುರುಬದುರು ನಾಯಿಗಳು ಕಾಣಿಸದಿದ್ದರೆ ಬೊಗಳಾಟ ಇಳಿಯುತ್ತದೆ. ತುಂಬಿದ ಕೆನಲ್ಲಿನಲ್ಲಿ ಸದ್ದು 100 ಡೆಸಿಬಲ್ ದಾಟುತ್ತದೆ, ನಾಯಿಯ ಕಿವಿ ನಮ್ಮದಕ್ಕಿಂತ ಚುರುಕು.

ಎಂಜಿನಿಯರಿಗೆ ನಕ್ಷೆ ಕೇಳುವ ಮುಂಚೆ ಮೂರು ತಿಂಗಳು ಬೆಳಗಿನ ಸುತ್ತು ನಡೆಸಿ, ಉಳಿಯುವ ದಿನ ಎಷ್ಟಕ್ಕೆ ಬಂತು ನೋಡಿ. ಆ ಅಂಕಿ ಇಲ್ಲಿ ಹಾಕಿದರೆ ಎಷ್ಟು ಜೋಡಿಗೂಡು ಬೇಕು ಅನ್ನುವುದನ್ನು ಮತ್ತೆ ಲೆಕ್ಕ ಹಾಕೋಣ.